ಬಸ್ಸು ಬಿಡುವ ಮಹಾಶಯ

ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾಗಳ ಬಸ್‌ನಿಲ್ದಾಣಗಳಲ್ಲಿ, ಬಾರದ ಬಸ್ಸಿಗಾಗಿ ಕಾಯುತ್ತ, ಅಂಗೈಯ ಫೋನಿನಲ್ಲಿ ತಾವೇ ಒಂದು ಬಸ್ಸನ್ನು ಓಡಿಸುತ್ತಿರುವ ತರುಣರನ್ನು ಕಾಣದವರು ವಿರಳ. ಆದರೆ ಆ ಬಸ್ಸನ್ನು ನಿರ್ಮಿಸಿ ಲೋಕಕ್ಕೆ ಧಾರೆಯೆರೆದ ಮಹಾಶಿಲ್ಪಿಯ ದರ್ಶನಭಾಗ್ಯವು ಎಲ್ಲರಿಗೂ ಲಭಿಸತಕ್ಕದ್ದಲ್ಲ. 2017ರಲ್ಲಿ ಹೊರಬಂದ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಆಟದಲ್ಲಿ, ಆಡುವವರು ತಾವೇ ರಚಿಸಿದ ವಾಹನವನ್ನು ‘ಮಾಡ್’ ಎಂಬ ಹೆಸರಿನಿಂದ ಒಳಸೇರಿಸಬಹುದಾದ ಕಾರಣ, ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳು ಕಡಲು ದಾಟಿ ಆ ದೇಶದ ಊರುಗಳಲ್ಲಿ ಸಂಚರಿಸುವಂತಾಗಿದೆ.

ಈ ಮಹಾಶಯನ ಇತ್ತೀಚಿನ ಕೃತಿಯನ್ನೇ ನೋಡಿ. ಮುಂಗಾಜಿನ ಕೆಳಗೆ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿಯ ಸರಕ್ಕೆ ರಾತ್ರಿಗಳನ್ನೇ ವ್ಯಯಿಸಿರುವನು. ಮೆಣಸಿನಕಾಯಿಯ ತೊಟ್ಟು ಸಹ ಸ್ಪಷ್ಟ. ಬಾಗಿಲು ಮಾತ್ರ ಬಲಕ್ಕೆ, ಎದುರಿನಿಂದ ಬರುವ ಲಾರಿಗಳ ಕಡೆಗೆ, ತೆರೆದುಕೊಳ್ಳುತ್ತದೆ. ‘ಆ ದೇಶದಾಗ ಹಂಗ ಇರಬೇಕ್ರಿ’ ಎಂದು ನುಣುಚಿಕೊಳ್ಳುವಂತೆಯೂ ಇಲ್ಲ. ಅಲ್ಲಿಯೂ ನಮ್ಮಂತೆಯೇ ಎಡಗಡೆಯ ಸಂಚಾರ. ಹಣೆಯ ಬೋರ್ಡಿನಲ್ಲಿ ಒತ್ತಕ್ಷರಗಳು ಕಳಚಿಬಿದ್ದು ‘ಕೊಪ್‌ಪಳ’, ‘ಕುಷ್‌ಟಗಿ’, ‘ಯಲಬುರ್‌ಗಾ’ ಎಂದಾಗಿ, ಒತ್ತಿನ ಗೊಡವೆಯೇ ಇಲ್ಲದ ಗಂಗಾವತಿಯೊಂದು ಅಂಗಭಂಗವಿಲ್ಲದೆ ಪಾರಾಗಿದೆ. ಪಕ್ಕದ ಬೋರ್ಡುಗಳಲ್ಲಿ ಆ ಭಾಗ್ಯವೂ ಎಡಮಗ್ಗುಲಿಗೆ ಮಾತ್ರ, ಏಕೆಂದರೆ ಅದೇ ಚಿತ್ರವನ್ನು ಮಗುಚಿ ಬಲಕ್ಕೂ ಅಂಟಿಸಿದ್ದರಿಂದ ಅಲ್ಲಿ ಅಕ್ಷರಗಳೆಲ್ಲ ಹಿಂದುಮುಂದು.

ಹಾಗಾದರೆ ಆತನು ಪರೀಕ್ಷಿಸಲಿಲ್ಲವೇ? ಪರೀಕ್ಷಿಸಿರುವನು: ತನ್ನ ಫೋನಿನಲ್ಲಿ, ಹಗಲು ಹೊತ್ತಿನಲ್ಲಿ, ಗ್ಯಾರೇಜಿನಿಂದ ಹೊರಬೀಳುವಷ್ಟು ದೂರ. ಇರುಳು, ಮಳೆ, ಬಡವರ ಅಗ್ಗದ ಫೋನು ಇವೆಲ್ಲ ಆತನ ಧರ್ಮಶಾಸ್ತ್ರದಲ್ಲಿ ಇಳಿಸಿಕೊಂಡವನ ಕರ್ಮ. ಯಲಬುರ್ಗಾದ ಬಾಲಕನೊಬ್ಬ ವಾಟ್ಸಾಪಿನಲ್ಲಿ, “ಅಣ್ಣಾ, ರಾತ್ರಿ ಲೈಟ್ ಹಾಕಿದ್ರ ಗೇಮ್ ಬಂದ್ ಆಗತೈತಿ” ಎಂದು ಮೊರೆಯಿಡಲು, “ತಮ್ಮಾ, ಹಗಲೊತ್ತು ಓಡಸು. ಅಪ್‌ಡೇಟಿನ್ಯಾಗ ನೋಡೂಣು” ಎಂಬ ಅಭಯವು ಕೂಡಲೇ ದೊರೆಯಿತು. ಅಪ್‌ಡೇಟೂ ಬಂದಿತು. ದೀಪ ಉಳಿಯಿತು, ಸ್ಟೇರಿಂಗು ಹೋಯಿತು.

ಇನ್ನೂ ಕೆಣಕಿದರೆ ಪೂರ್ವನಿದರ್ಶನವನ್ನೇ ಮುಂದಿಡುವನು: ಪೋಲೆಂಡಿನಲ್ಲಿ ತಯಾರಾದ ‘ಸೈಬರ್‌ಪಂಕ್ 2077’ ಎಂಬ ಮಹಾಕ್ರೀಡೆಯನ್ನು, 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ಸುಮಾರು ಒಂದು ವಾರದಲ್ಲೇ, ದೋಷಬಾಹುಳ್ಯದ ದೆಸೆಯಿಂದ ಸೋನಿಯವರು ತಮ್ಮ ಅಂಗಡಿಯಿಂದ ತೆಗೆದುಹಾಕಿ ಗಿರಾಕಿಗಳಿಗೆ ಹಣ ಮರಳಿಸಬೇಕಾಗಲಿಲ್ಲವೇ? ಕೋಟಿಗಟ್ಟಲೆ ಸುರಿದವರ ಗತಿಯೇ ಹೀಗಿರಲು, ಪುಕ್ಕಟೆ ಕೊಡುವ ತನ್ನನ್ನು ಕೇಳುವವರಾರು? ಈ ಕೊನೆಯ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲವೆಂಬುದನ್ನು ಆತನೂ ಬಲ್ಲ.

ಈಗ ಕೊಪ್ಪಳದ ಗವಿಮಠದ ಜಾತ್ರೆಗೆಂದು ಮಹಾರಥವೊಂದು ಸಿದ್ಧವಾಗುತ್ತಿದೆ. ಕಳಸ, ಪತಾಕೆ, ಹೂಮಾಲೆ ಎಲ್ಲವೂ ಮುಗಿದಿವೆ. “ಒಂದ್ಸಲ ಎಳದು ನೋಡಿಯೇನೋ ತಮ್ಮಾ?” ಎಂದೆ.

“ತೇರು ಎಳಿಯಾಕ ಭಕ್ತರದಾರಲ್ರೀ ಕಾಕಾ!” ಎಂದನು.