ದಪ್ಪ ಕಾದಂಬರಿಗಳಲ್ಲಿ ಹೆಣದ ಉಪಯುಕ್ತತೆ: ಒಂದು ಅಧ್ಯಯನ

ಎಪಿಕ್ ಫ್ಯಾಂಟಸಿ ಎಂಬ ಗ್ರಂಥಪ್ರಕಾರಕ್ಕೆ ಲಕ್ಷಣ ಬರೆದಿಡುವಲ್ಲಿ ನಮ್ಮ ಆಲಂಕಾರಿಕರು ತೋರಿದ ಉದಾಸೀನ ಶೋಚನೀಯವಾದುದು. ಹೀಗಾಗಿ ಆ ಭಾರ ಪ್ರಸ್ತುತ ಪ್ರಬಂಧಕಾರನ ತಲೆಯ ಮೇಲೆ ಬಿದ್ದಿದೆ. (ಗ್ರಂಥವೂ ಒಮ್ಮೆ ಅಟ್ಟದಿಂದ ಅಲ್ಲಿಗೇ ಬಿದ್ದಿತ್ತು.) ಲಕ್ಷಣ ಇಷ್ಟೆ: ಮೊದಲಿಗೆ ನಕ್ಷೆ, ಕೊನೆಗೆ ಪದಕೋಶ, ನಡುವೆ ಎಂಟುನೂರು ಪುಟ ನಡಿಗೆ. ನಮ್ಮ ಮಹಾಕಾವ್ಯಗಳಿಗೆ ಅಷ್ಟಾದಶ ವರ್ಣನೆ ಸಾಕಾಗಿತ್ತು. ನಗರ, ಕಡಲು, ಬೆಟ್ಟ, ಚಂದ್ರೋದಯ, ಜಲಕ್ರೀಡೆ ಅಂತ ಹದಿನೆಂಟು ಮುಗಿಸಿದರೆ ಕವಿಗೆ ಬಿಡುಗಡೆ. ರಾಬರ್ಟ್ ಜೋರ್ಡಾನರ ‘ದಿ ವೀಲ್ ಆಫ್ ಟೈಮ್’ ಮಾಲೆಯಲ್ಲಿ ಕುಪ್ಪಸದ ಕಸೂತಿ ಹತ್ತೊಂಬತ್ತನೆಯದು, ನೈನೀವ್ ಎಂಬಾಕೆ ಸಿಟ್ಟು ಬಂದಾಗಲೆಲ್ಲ ತನ್ನ ಜಡೆ ತಾನೇ ಜಗ್ಗಿಕೊಳ್ಳುವುದು ಇಪ್ಪತ್ತನೆಯದು. ಹತ್ತು ಸಂಪುಟ ಜಗ್ಗಿದರೂ ಆ ಜಡೆ ಕಿತ್ತುಬರಲಿಲ್ಲ. ಕಿತ್ತುಬಂದದ್ದು ಓದುಗನ ತಾಳ್ಮೆ.

2003ರಲ್ಲಿ ಬಂದ ಆ ಹತ್ತನೇ ಸಂಪುಟದಲ್ಲಿ ಪ್ರಬಂಧಕಾರನು ಓದುಗನಾಗಿ ಕಾಲವಶನಾದನೆಂಬುದಕ್ಕೆ ಪುರಾತತ್ತ್ವದ ಆಧಾರಗಳಿವೆ. 118ನೇ ಪುಟದಲ್ಲಿ ಗುರುತಿಗೆಂದು ಇಟ್ಟ ಕರೆಂಟ್ ಬಿಲ್ಲು ದೊರೆತಿದೆ. ಅದನ್ನು ಕಟ್ಟಿದ್ದಕ್ಕೆ ಆಧಾರ ದೊರೆತಿಲ್ಲ. ಹೊದಿಕೆಯ ಮೇಲೆ ಒಣಗಿದ ದೋಸೆಹಿಟ್ಟಿನ ಎರಡು ಪದರಗಳಿದ್ದು, ಗ್ರಂಥವು ಉತ್ತರಕಾಲದಲ್ಲಿ ಮಿಕ್ಸಿಯ ಕೆಳಗೆ ನೆಲೆಸಿತ್ತೆಂದು ಇದರಿಂದ ಊಹಿಸಬಹುದು.

ಪುನರುತ್ಥಾನವಾದದ್ದು ಅಕ್ಕನ ಮಗನಿಂದ. “ಮಾವ, ಇದ್ರಲ್ಲಿ ಮೊದಲನೇ ಅಧ್ಯಾಯದಲ್ಲೇ ಹೆಣ ಇದೆ” ಎಂದು ಅವನು ಕೈಗಿತ್ತದ್ದು ರಾಬರ್ಟ್ ಜಾಕ್ಸನ್ ಬೆನೆಟ್ ಅವರ ‘ದಿ ಟೇಂಟೆಡ್ ಕಪ್’. 2024ರಲ್ಲಿ ಬಂದು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆದ ಕಾದಂಬರಿ. ಮಳೆಗಾಲ ಬಂತೆಂದರೆ ಕಡಲಿನಿಂದ ಬೆಟ್ಟದಂಥ ಪ್ರಾಣಿಗಳು ಎದ್ದು ಬರುವ ಸಾಮ್ರಾಜ್ಯ. ಅಲ್ಲಿ ಶ್ರೀಮಂತರ ಬಂಗಲೆಯೊಂದರಲ್ಲಿ ಸೇನಾಧಿಕಾರಿ ಸತ್ತಿದ್ದಾನೆ. ಅವನ ಮೈಯೊಳಗಿಂದ ಮರ ಬೆಳೆದು ಸೂರಿಗೆ ಮುಟ್ಟಿದೆ. ತನಿಖೆ ಮಾಡಬೇಕಾದ ಆನಾ ಡೊಲಾಬ್ರಾ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲೇ ಕೂತಿರುತ್ತಾಳೆ. ಸಹಾಯಕ ಡಿನ್ ಹೋಗಿ, ನೋಡಿ, ಸಣ್ಣ ಸೀಸೆಗಳ ವಾಸನೆಯ ನೆರವಿನಿಂದ ಎಲ್ಲವನ್ನೂ ನೆನಪಿಟ್ಟುಕೊಂಡು ಬಂದು ಒಪ್ಪಿಸಬೇಕು.

ಪ್ರಬಂಧದ ಸಿದ್ಧಾಂತಭಾಗ ಇಲ್ಲಿಂದ ಶುರು. ಆ ಮನೆಯ ಗೋಡೆಗೆ ಯಾವ ಕಾಗದ ಹಾಕಿತ್ತು ಎಂಬುದನ್ನು ಪ್ರಬಂಧಕಾರನು ಎರಡು ಸಲ ಓದಿದನು. ಹಿಂದಾಗಿದ್ದರೆ ನಾಲ್ಕು ಪುಟ ಹಾರಿಸುತ್ತಿದ್ದವನು! ಕಾರಣ ಸ್ಪಷ್ಟ: ಹೆಣ ಬಿದ್ದ ಮನೆಯಲ್ಲಿ ವರ್ಣನೆಯೆಂಬುದು ವರ್ಣನೆಯಲ್ಲ, ಪಂಚನಾಮೆ. ಇದನ್ನು ರಸಶಾಸ್ತ್ರಕ್ಕೆ ಅಳವಡಿಸಿದರೆ, ಸಂಶಯವೇ ಸ್ಥಾಯೀಭಾವ, ಶವವೇ ಆಲಂಬನ ವಿಭಾವ, ತೋಟದ ಬಾಗಿಲಿಗೆ ಚಿಲಕ ಹಾಕದೆ ಬಿಟ್ಟದ್ದು ಉದ್ದೀಪನ. ಇನ್ನು ಭರತಮುನಿ ಹೇಳಿದ ಮೂವತ್ತಮೂರು ಸಂಚಾರೀಭಾವಗಳಲ್ಲಿ ನಿದ್ರೆಯೂ ಒಂದು. ಹೆಣವಿಲ್ಲದ ಫ್ಯಾಂಟಸಿಯಲ್ಲಿ ಸಂಚಾರ ಮಾಡುತ್ತಿದ್ದುದು ಅದೊಂದೇ.

ಪೂರ್ವಪಕ್ಷ ಹೂಡಿದವರು ಮನೆಯವರು. ರಾತ್ರಿ ಎರಡಕ್ಕೆ ದೀಪ ಉರಿಯುತ್ತಿದ್ದುದನ್ನು ಕಂಡು, “ಯಾರು ಕೊಂದಿದ್ದು ಅಂತ ಕೊನೇ ಪುಟ ನೋಡಿ ಮಲಗಬಾರ್ದೇನ್ರೀ?” ಎಂದರು. ಅಶಾಸ್ತ್ರೀಯವಾದ ಈ ವಾದವನ್ನು ಖಂಡಿಸಲು ಪ್ರಬಂಧಕಾರನು ಮೊದಲು ಜಾರ್ಜ್ ಆರ್. ಆರ್. ಮಾರ್ಟಿನ್ನರನ್ನು ಮೊರೆಹೊಕ್ಕನು. ಅವರ ಮಾಲೆಯ 1996ರ ಮೊದಲ ಸಂಪುಟ ಶುರುವಾಗುವ ಹೊತ್ತಿಗೇ ಸತ್ತಿದ್ದ ಜಾನ್ ಆರಿನ್ನನ ಪ್ರಕರಣ ಬಯಲಾಗುವುದು 2000ದ ಮೂರನೇ ಸಂಪುಟದಲ್ಲಿ. ಅಂದಮೇಲೆ ಯಾವ ಪುಸ್ತಕದ ಕೊನೇ ಪುಟ ನೋಡುವುದು?

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಇನ್ನೂ ಬಲವಾದ ನಿದರ್ಶನ ಬೇಕೆಂದು ಮಿಕ್ಸಿ ಎತ್ತಿ ಜೋರ್ಡಾನರನ್ನೇ ಹೊರಗೆಳೆದದ್ದು ತಪ್ಪಾಯಿತು. 1993ರ ಐದನೇ ಸಂಪುಟದ ಕೊನೆಯಲ್ಲಿ ಅಸ್ಮೋಡಿಯನ್ ಎಂಬ ದುಷ್ಟ ಸಂಗೀತಗಾರ ಅರಮನೆಯಲ್ಲಿ ವೈನ್ ಹುಡುಕುತ್ತ ಸಣ್ಣ ಬಾಗಿಲೊಂದನ್ನು ತೆರೆದು, ಎದುರಿದ್ದವರ ಗುರುತು ಹಿಡಿದು, ಸತ್ತ. ಯಾರೆಂದು ಲೇಖಕರು ಹೇಳಲಿಲ್ಲ. ಓದುಗರು ಹದಿನೇಳು ವರ್ಷ ವಾದ ಮಾಡಿದರು. 2007ರಲ್ಲಿ ಜೋರ್ಡಾನರೂ ತೀರಿಕೊಂಡರು. ಮಾಲೆಯನ್ನು ಮುಗಿಸುವ ಹೊಣೆ ಬ್ರ್ಯಾಂಡನ್ ಸ್ಯಾಂಡರ್ಸನ್ ಪಾಲಿಗೆ ಬಂತು. ಕೊನೆಗೆ 2010ರ ಹದಿಮೂರನೇ ಸಂಪುಟದಲ್ಲಿ ಉತ್ತರ ಸಿಕ್ಕಿತು. ಸಿಕ್ಕಿದ್ದು ಕಥೆಯೊಳಗಲ್ಲ, ಹಿಂದಿನ ಪದಕೋಶದಲ್ಲಿ. ಅರ್ಥಾತ್, ಕೊನೇ ಪುಟಗಳಲ್ಲಿ.

ಪೂರ್ವಪಕ್ಷಕ್ಕೆ ಜಯವಾಯಿತೆಂದು ಪ್ರಬಂಧಕಾರನು ಲಿಖಿತವಾಗಿ ಒಪ್ಪಿರುತ್ತಾನೆ. ಕೊಂದವರ ಹೆಸರನ್ನು ಬಾಯಿಬಿಡುವುದು ಶಾಸ್ತ್ರವಿರುದ್ಧವಾದ್ದರಿಂದ ಇಲ್ಲಿ ಯಾವ ಸುಳಿವನ್ನೂ ಕೊಟ್ಟಿಲ್ಲ. ಆಕೆ ಯಾರೆಂಬುದನ್ನು ಓದುಗರೇ ಹುಡುಕಿಕೊಳ್ಳಬೇಕಾಗಿ ವಿನಂತಿ.