ನೊಮೋಡ್‌ಸೆಟ್ ಮಂತ್ರ

ಬನಹಟ್ಟಿಯ ಸೋದರಮಾವನಿಗೆ ಸೀರೆ ಅಂಚಿನ ಡಿಸೈನ್ ತೋರಿಸಲೆಂದು ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿದೆ; ಪರದೆ ಕಪ್ಪಗೆ ಕೂತಿತು. ಬೂಟ್ ಸಾಲಿನ ಕೊನೆಗೆ, ಗ್ರಾಫಿಕ್ಸ್ ಡ್ರೈವರನ್ನು ಬದಿಗಿಡುವ 'ನೊಮೋಡ್‌ಸೆಟ್' ಎಂದು ಬರೆದೆ. ಚಿತ್ರವೇನೋ ಬಂತು, ಆದರೆ ಎಳೆದಾಡಿದಂತೆ. ಅಂಚಿನ ನವಿಲು ಮುಧೋಳ ನಾಯಿಯಾಗಿತ್ತು.

"ಇದನ್ನ ನೇಯ್ದರ ಜಮಖಂಡ್ಯಾಗ ಯಾರೂ ಕೊಳ್ಳಂಗಿಲ್ಲ ಅಳಿಯಾ" ಎಂದರು ಮಾವ.

2012ರಲ್ಲಿ ಫಿನ್‌ಲೆಂಡಿನಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್, ಲಿನಕ್ಸಿಗೆ ಸಹಕರಿಸದ ಗ್ರಾಫಿಕ್ಸ್ ಕಂಪನಿಯೊಂದಕ್ಕೆ ನಡುಬೆರಳು ತೋರಿಸಿದ್ದರು. ಮಾವನೆದುರು ನಾನು ಕಿರುಬೆರಳೂ ಎತ್ತುವಂತಿಲ್ಲ. ಗ್ರಾಫಿಕ್ಸ್ ಡ್ರೈವರ್ ಹಾಕುವುದು ಈಗ ಸುಲಭ ಬಿಡಿ: ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ತೆರೆದು ಒಂದನ್ನು ಆರಿಸಿದರಾಯಿತು. ಆರಿಸಿದೆ. ಮರಳಿ ಶುರುವಾದಾಗ ಸೆಕ್ಯೂರ್ ಬೂಟ್ ನೀಲಿ ಪರದೆ ಹರಡಿ, ನಾನು ಆಗತಾನೇ ಇಟ್ಟ ಪಾಸ್‌ವರ್ಡ್ ಕೇಳಿತು. ನಾನು ಮಾಡು ನೋಡಿದೆ.

ಒಳಗಿಂದ ಅತ್ತಿ ಕೂಗಿದರು: "ಹೊಡಿಯೂಮುಂದ ಬಾಯಿಬಿಟ್ಟು ಓದಿದ್ದೆಲ್ಲೋ, ಹೇಳ್ಲೇನು?"