ಬಂದ ಕಾರಣ

ನಮ್ಮ ಸಣ್ಣ ಊರುಗಳಲ್ಲಿ ಕಳ್ಳನಿಗಾದರೂ ಒಂದು ನೆಲೆ ಇದೆ; ಅವನು ಯಾಕೆ ಬಂದ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನೆಂಟರಿಲ್ಲ, ಕೇಸಿಲ್ಲ, ವ್ಯಾಪಾರವಿಲ್ಲ, ಹರಕೆಯೂ ಇಲ್ಲ, ಊರು ನೋಡಿಕೊಂಡು ಹೋಗೋಣ ಅಂತ ಬಂದವನನ್ನು ಏನು ಮಾಡಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ತುಂಗಾ ತೀರದ ತೀರ್ಥಹಳ್ಳಿಯಲ್ಲಿ ನಾನು ಕೆಲವು ದಿನ ಅಂಥವನಾಗಿ ಓಡಾಡಿದೆ. ನಾನು ಊರನ್ನು ನೋಡಿದ್ದಕ್ಕಿಂತ ಊರು ನನ್ನನ್ನು ನೋಡಿದ್ದೇ ಹೆಚ್ಚು.

ವಿಚಾರಣೆ ಬಸ್ಸಿನಲ್ಲೇ ಶುರುವಾಯಿತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ರೈಲಿಲ್ಲ. ಗಾಜನೂರು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ, ಹೀಗೆ ರಸ್ತೆ ಹೊಳೆಯ ಸೆರಗು ಹಿಡಿದೇ ಹೋಗುತ್ತದೆ. ಪಕ್ಕದ ಸೀಟಿನ ಹಿರಿಯರು ಮಂಡಗದ್ದೆಯವರೆಗೆ ತಡೆದುಕೊಂಡರು. ಆಮೇಲೆ, “ಯಾರ ಮನೆಗೆ ಹೊರಟಿದ್ದು?” ಅಂದರು. ಯಾರ ಮನೆಗೂ ಅಲ್ಲ ಅಂದೆ. “ಹಂಗಾರೆ ಶೃಂಗೇರಿಗೆ?” ಅಲ್ಲ. “ಆಗುಂಬೆಗೆ?” ಅಲ್ಲ. ಅವರು ದನಿ ತಗ್ಗಿಸಿ, “ಮಣಿಪಾಲಕ್ಕಾ?” ಎಂದರು. ಈ ದಾರಿಯಲ್ಲಿ ಒಬ್ಬನೇ ಕೂತು ಕಿಟಕಿಯಾಚೆ ನೋಡುವವನು ಮಣಿಪಾಲದ ಆಸ್ಪತ್ರೆಗೇ ಹೊರಟಿರಬೇಕು ಎಂಬುದು ಮಲೆನಾಡಿನವರ ಅನುಭವ. ನನಗೆ ಕಾಯಿಲೆಯೂ ಇಲ್ಲ ಎಂದು ತಿಳಿದಾಗ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಲಾಡ್ಜಿನ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಆಧಾರ್ ಎಲ್ಲ ಆದಮೇಲೆ ‘ಬಂದ ಕಾರಣ’ ಎಂಬ ಕಲಂ ಇತ್ತು. ನನಗಿಂತ ಮೇಲಿನ ಸಾಲುಗಳಲ್ಲಿ ಮದುವೆ, ಅಡಿಕೆ, ಕೋರ್ಟು, ಮತ್ತೆ ಮದುವೆ. ನಾನು ‘ಊರು ನೋಡಲು’ ಎಂದು ಬರೆದೆ. ಕೌಂಟರಿನ ಹುಡುಗ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ.

“ಯಾವ ಊರು ಸಾರ್?”

“ಇದೇ ಊರು.”

“ಇಲ್ಲಿ ಎಂತ ಉಂಟು ನೋಡೋಕೆ?” ಅಂದವನು, ನಾನು ಬರೆದದ್ದರ ಪಕ್ಕದಲ್ಲಿ ತನ್ನ ಅಕ್ಷರದಲ್ಲೇ ‘ಅಡಿಕೆ’ ಎಂದು ಸೇರಿಸಿದ. ಪೊಲೀಸರು ಬಂದು ನೋಡಿದರೆ ತೊಂದರೆಯಾಗಬಾರದಲ್ಲ.

ಹುಡುಗನನ್ನು ಅಂದು ಫಲವಿಲ್ಲ. ತೀರ್ಥಹಳ್ಳಿಯವರಷ್ಟು ಧಾರಾಳವಾಗಿ ಬೇರೆ ಊರುಗಳನ್ನು ಹೊಗಳುವವರನ್ನು ನಾನು ಕಂಡಿಲ್ಲ. ಬನ್ಸ್ ತಿನ್ನಲು ಕೂತರೆ ಹೋಟೆಲಿನವರು ಕುಪ್ಪಳಿಗೆ ಕಳಿಸುತ್ತಾರೆ. ಪೇಪರ್ ಕೊಳ್ಳಲು ನಿಂತರೆ ಅಂಗಡಿಯವರು ಕವಲೇದುರ್ಗದ ಕೋಟೆ ಹತ್ತಿಸುತ್ತಾರೆ. ಕುಂದಾದ್ರಿ ಹತ್ತಿಲ್ಲವೇ? ಚಿಬ್ಬಲಗುಡ್ಡೆಗೆ ಹೋಗಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿಲ್ಲವೇ? ಹಾಗಾದರೆ ಇನ್ನೂ ಇಲ್ಲೇ ಏನು ಮಾಡುತ್ತಿದ್ದೀರಿ? ಆಗುಂಬೆಯ ಸೂರ್ಯಾಸ್ತಕ್ಕಂತೂ ಊರಿಡೀ ಏಜೆಂಟು. “ಸೂರ್ಯ ಇಲ್ಲೂ ಮುಳುಗ್ತಾನಲ್ಲ?” ಎಂದು ಒಬ್ಬರನ್ನು ಕೇಳಿಬಿಟ್ಟೆ. ಅವರು ಸ್ವಲ್ಪ ಯೋಚಿಸಿ, “ಮುಳುಗೋದು ಮುಳುಗ್ತಾನೆ ಮಾರಾಯ್ರೆ, ಆದ್ರೆ ಅಷ್ಟು ಚೆಂದ ಮಾಡಿ ಅಲ್ಲ” ಎಂದರು.

ಊರೊಳಗೆ ಓಡಾಡಲು ಆಟೋ ಕರೆದರೆ ಇನ್ನೊಂದು ಸೋಜಿಗ. ರಾಮೇಶ್ವರ ದೇವಸ್ಥಾನಕ್ಕೆ ಎಂದೆ. “ನಡೆದೇ ಹೋಗಿ, ದುಡ್ಡು ಯಾಕೆ ದಂಡ?” ಎಂದು ಚಾಲಕರು ದಾರಿ ತೋರಿಸಿದರು. ಬೆಂಗಳೂರಿನವನಾದ ನಾನು ಅವರ ಮುಖವನ್ನು ನೋಡುತ್ತ ನಿಂತೆ. ಇಂಥವರನ್ನು ಸರಕಾರ ಕೂಡಲೇ ಸಂರಕ್ಷಿತ ಪಟ್ಟಿಗೆ ಸೇರಿಸಬೇಕು.

ಹೊಳೆಗೆ ಇಳಿದರೆ ಊರಿನ ನಿಜವಾದ ಕಚೇರಿ ಅಲ್ಲಿದೆ. ಸಂಕ್ರಾಂತಿ ಕಳೆದಿತ್ತು. ನೀರು ಇಳಿದು ಬಂಡೆಗಳು ಬೆನ್ನು ಕಾಯಿಸುತ್ತಿದ್ದವು. ನಡು ಹೊಳೆಯಲ್ಲಿ ಕಲ್ಲಿನ ರಾಮಮಂಟಪ. ಸೇತುವೆ ಬರುವ ಮೊದಲು ಜನ ದಾಟುತ್ತಿದ್ದ ಕಲ್ಲುಸಾರವೂ ಅಲ್ಲೇ ಇದೆ. ಮಳೆಗಾಲದಲ್ಲಿ ಈ ಮಂಟಪವೇ ತಾಲೂಕಿನ ಹವಾಮಾನ ಇಲಾಖೆ. ಎಷ್ಟು ಸೆಂಟಿಮೀಟರ್ ಮಳೆ ಬಿತ್ತು ಎಂದು ಯಾರೂ ಕೇಳುವುದಿಲ್ಲ, “ಮಂಟಪ ಮುಳುಗ್ತಾ?” ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಫೋನು ಮಾಡಿದರೆ ಆರೋಗ್ಯದ ಮಾತು ಎರಡನೆಯದು, ಮಂಟಪದ್ದು ಮೊದಲನೆಯದು.

ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಯಲ್ಲಿ ಎಲ್ಲಿ ತೊಳೆದರೂ ಎಳ್ಳಿನಷ್ಟು ರಕ್ತದ ಕಲೆ ಉಳಿದೇ ಇತ್ತಂತೆ. ಇಲ್ಲಿ ತೊಳೆದಾಗ ಹೋಯಿತಂತೆ. ಅದಕ್ಕೇ ಇದು ರಾಮತೀರ್ಥ, ಅದಕ್ಕೇ ಎಳ್ಳಮಾವಾಸ್ಯೆಯ ಜಾತ್ರೆ, ತೀರ್ಥಸ್ನಾನ, ತೇರು, ತೆಪ್ಪ. ಲಾಡ್ಜಿನ ಹುಡುಗ ಪರಶುರಾಮನನ್ನಾದರೆ ಖಂಡಿತ ಮೆಚ್ಚುತ್ತಿದ್ದ. ಬಂದ ಕಾರಣ: ಕೊಡಲಿ ತೊಳೆಯಲು. ಎಷ್ಟು ಸ್ಪಷ್ಟ! ತೊಳೆದ, ಹೋದ. ಹೋಟೆಲಿನಲ್ಲಿ ಕೂತು ಬನ್ಸ್ ತಿನ್ನುತ್ತ ಊರವರ ತಲೆ ಕೆಡಿಸಲಿಲ್ಲ.

ತೊಳೆಯುವ ಪರಂಪರೆ ಮುಂದುವರಿದಿದೆ. ನಾನು ಬಂಡೆಯ ಮೇಲೆ ಕೂತಿದ್ದಾಗ ಒಬ್ಬರು ತಮ್ಮ ಸ್ಕೂಟರನ್ನು ನೀರಂಚಿಗೆ ಇಳಿಸಿದರು. ಸೀಟು ಎತ್ತಿ, ಒಳಗಿದ್ದ ಕಾಗದ ಪತ್ರ, ಒಂದು ಸುತ್ತು ವೈರು, ಅರ್ಧ ತೆಂಗಿನಕಾಯಿ ಎಲ್ಲವನ್ನೂ ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಗಾಡಿಗೆ ಸೋಪು ಹಚ್ಚಿದರು, ಹಳೇ ಬ್ರಶ್ಶಿನಲ್ಲಿ ಚಕ್ರದ ಸಂದಿಯನ್ನೆಲ್ಲ ಉಜ್ಜಿದರು, ಅದೇ ಸೋಪಿನಲ್ಲಿ ತಾವೂ ಮಿಂದರು, ಕೊನೆಗೆ ಪೂರ್ವಕ್ಕೆ ತಿರುಗಿ ಒಂದು ಬೊಗಸೆ ನೀರನ್ನು ಸೂರ್ಯನಿಗೆ ಬಿಟ್ಟು ಗಾಡಿ ಹತ್ತಿದರು. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರೆ. ನಾನು ಪಾನವನ್ನು ಸ್ವಲ್ಪ ಮೇಲ್ದಂಡೆಗೆ ಹೋಗಿ ಮಾಡೋಣವೆಂದು ಮುಂದೂಡಿದೆ.

ಕುರುವಳ್ಳಿಗೆ ದಾಟುವ ಕಮಾನು ಸೇತುವೆಯ ಮೇಲೆ ಸಂಜೆ ನಿಲ್ಲುವುದು ಬಹಳ ಹಿತ. ಕೈಯಲ್ಲಿ ನೋಟ್‌ಬುಕ್ ಇರಬಾರದಷ್ಟೆ. ನನ್ನ ಕೈಯಲ್ಲಿತ್ತು. ನೀರು ನೋಡುವುದು, ಬರೆಯುವುದು, ಮತ್ತೆ ನೀರು ನೋಡುವುದು. ಇದು ಒಬ್ಬ ಕವಿಯ ಲಕ್ಷಣ ಎಂದು ನಾನು ಭಾವಿಸಿದ್ದೆ. ಪಂಚೆ ಎತ್ತಿಕಟ್ಟಿದ ಒಬ್ಬರು ಸೈಕಲ್ ನಿಲ್ಲಿಸಿ ಬಹಳ ಹೊತ್ತು ಪಕ್ಕದಲ್ಲಿ ನಿಂತರು.

“ಎಷ್ಟು ಎತ್ತರ ಬರ್ತದೆ?”

“ಯಾವುದು?”

“ಡ್ಯಾಮು.”

ನಕ್ಕೆ. ಅವರು ನಗಲಿಲ್ಲ. ನಗದಿರಲು ಅವರಿಗೆ ಕಾರಣವಿದೆ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಊರು ಊರೇ ಎದ್ದುಹೋದ ಜಿಲ್ಲೆಯಿದು. ಆಮೇಲೆ 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು, ಯಾರ ತೋಟ ಪರಿಸರ ಸೂಕ್ಷ್ಮ ಪ್ರದೇಶದ ಗೆರೆಯೊಳಗೆ ಬಿತ್ತು ಎಂಬ ಲೆಕ್ಕ ಶುರುವಾಯಿತು. ಬರೆದುಕೊಳ್ಳುವವರು ಬಂದು ಹೋದಮೇಲೆ ಏನೋ ಒಂದು ಆಗುತ್ತದೆ ಎಂಬುದನ್ನು ಈ ಜನ ಪುಸ್ತಕ ಓದಿ ಕಲಿತದ್ದಲ್ಲ. ನಾನು ನೋಟ್‌ಬುಕ್ಕನ್ನೇ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ತೆಗೆದು ಹಾಕಿಕೊಂಡು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಬನ್ಸ್, ಕಾಫಿ, ಬಸ್ ಚಾರ್ಜು, ಲಾಡ್ಜಿನ ಮುಂಗಡ. ನಡುವೆ ‘ನದಿ ಶಾಂತವಾಗಿದೆ’ ಎಂಬ ಒಂದೇ ಸಾಲು. “ಬನ್ಸಿಗೆ ಇಷ್ಟು ಕೊಟ್ರಾ? ಯಾವ ಹೋಟ್ಲು?” ಎಂದು ಕೇಳಿ ನೋಟ್‌ಬುಕ್ ಹಿಂದಕ್ಕೆ ಕೊಟ್ಟರು. ನನ್ನ ಬರವಣಿಗೆಗೆ ಸಿಕ್ಕ ವಿಮರ್ಶೆಗಳಲ್ಲಿ ಇದಕ್ಕಿಂತ ಗಮನವಿಟ್ಟು ಮಾಡಿದ್ದು ಇನ್ನೊಂದಿಲ್ಲ.

ಜಾತಿ ಕೇಳುವುದು ಸಭ್ಯತೆಯಲ್ಲ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕಾಗಿ ಮನೆದೇವರು ಯಾವುದು ಎಂದು ಕೇಳುತ್ತಾರೆ. ನಾನು ತಿರುಪತಿ ತಿಮ್ಮಪ್ಪ ಎಂದೆ. ಅರ್ಧ ಕರ್ನಾಟಕದ ಮನೆದೇವರಾದ ಅವನಿಂದ ಏನೂ ಹೊರಬೀಳುವುದಿಲ್ಲ. ಕೇಳಿದವರು ಸೋಲಲಿಲ್ಲ. “ಊಟ ಹೆಂಗೆ, ಕಡುಬಿಗೆ ಮೀನು ಸಾರು ನಡೀತದಾ?” ಎಂದು ಇನ್ನೊಂದು ಕಡೆಯಿಂದ ಬಂದರು. ವಿಶ್ವಮಾನವ ಎಂಬ ಮಾತು ಹುಟ್ಟಿದ ಮಣ್ಣಿನಲ್ಲೇ ಈ ಪಟ್ಟುಗಳು ಇಷ್ಟು ನಾಜೂಕಾಗಿ ಬೆಳೆದದ್ದು ಹೇಗೆ ಎಂದು ಯಾರಾದರೂ ಪಿಎಚ್‌ಡಿ ಮಾಡಬೇಕು.

ಕುವೆಂಪು ವಿಷಯ ಬಂದಾಗ ಇಲ್ಲಿ ಒಂದು ಎಚ್ಚರಿಕೆ ಬೇಕು. ಬಾಲಕ ಪುಟ್ಟಪ್ಪ ಬೆಳೆದದ್ದು ಕುಪ್ಪಳಿಯಲ್ಲಿ, ಓದಿದ್ದು ತೀರ್ಥಹಳ್ಳಿಯ ಶಾಲೆಯಲ್ಲಿ. ಆದರೆ 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಹಿರೇಕೊಡಿಗೆಯಲ್ಲಿ, ಅದು ಕೊಪ್ಪ ತಾಲೂಕು. ಈ ಮಾತನ್ನು ತೀರ್ಥಹಳ್ಳಿಯ ಹೋಟೆಲಿನಲ್ಲಿ ಆಡುವವರು ಕಾಫಿ ಮುಗಿಸಿಕೊಂಡು ಆಡುವುದು ಒಳ್ಳೆಯದು. ನಾನು ಆಡಿದ ಕೂಡಲೇ ಮೂರು ಟೇಬಲ್ಲಿನವರು ತಿರುಗಿದರು. ಹುಟ್ಟುವುದು ತಾಯಿಯ ತವರಿನಲ್ಲಿ, ಅದು ಲೆಕ್ಕಕ್ಕಿಲ್ಲ ಎಂದರು ಒಬ್ಬರು. ಮೇಳಿಗೆಯ ಅನಂತಮೂರ್ತಿಯವರನ್ನು ಸೇರಿಸಿದರೆ ಒಂದೇ ತಾಲೂಕಿಗೆ ಎರಡು ಜ್ಞಾನಪೀಠ, ಆರಗದ ಶಾಂತವೇರಿ ಗೋಪಾಲಗೌಡರು ಬೇರೆ, ಮುಖ್ಯಮಂತ್ರಿ ಕಡಿದಾಳ್ ಮಂಜಪ್ಪನವರು ಬೇರೆ, ಕೆಸಲೂರಿನ ಗಿರೀಶ ಕಾಸರವಳ್ಳಿ ಬೇರೆ ಎಂದು ಇನ್ನೊಬ್ಬರು ಬೆರಳು ಮಡಿಸಿದರು. “ಮತ್ತೆ ಊರಲ್ಲಿ ನೋಡೋಕೆ ಎಂತದೂ ಇಲ್ಲ ಅಂದ್ರಲ್ಲ?” ಎಂದೆ. “ಅವ್ರ್ಯಾರೂ ಈಗ ಇಲ್ಲಿಲ್ಲವಲ್ಲ” ಎಂದರು.

ಅಷ್ಟರಲ್ಲಿ ನನ್ನ ಬಗ್ಗೆ ಊರು ಒಂದು ತೀರ್ಮಾನಕ್ಕೆ ಬಂದಿತ್ತು. ಡ್ಯಾಮಿನವನಲ್ಲ, ಮಣಿಪಾಲದವನಲ್ಲ, ರಿಜಿಸ್ಟರಿನಲ್ಲಿ ಅಡಿಕೆ ಎಂದಿದೆ. ಅಂದಮೇಲೆ ತೋಟ ಕೊಳ್ಳಲು ಬಂದ ಬೆಂಗಳೂರಿನ ದುಡ್ಡಿನ ಕುಳ. ಮರುದಿನ ಬೆಳಗ್ಗೆ ಲಾಡ್ಜಿನ ಬಾಗಿಲಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬರ ಬಳಿ ಹತ್ತು ಗುಂಟೆ ಕಡಿಮೆ ಎರಡು ಎಕರೆ ಇತ್ತು. ನೀರಿದೆ, ರಸ್ತೆಯಿದೆ, ಕರೆಂಟಿದೆ, ದಾಖಲೆ ಒಂದು ಆಗಬೇಕು ಎಂದರು. ಇನ್ನೊಬ್ಬರು ನನ್ನ ಜ್ಞಾನ ಪರೀಕ್ಷಿಸಿದರು. ಸರಕು, ಬೆಟ್ಟೆ, ರಾಶಿ, ಗೊರಬಲು, ಇವುಗಳಲ್ಲಿ ಯಾವುದಕ್ಕೆ ರೇಟು ಹೆಚ್ಚು? ನಾನು ರಾಶಿ ಎಂದು ಊಹಿಸಿದೆ, ಬಹಳ ಇರುವುದಕ್ಕೆ ಬಹಳ ದುಡ್ಡು ಎಂಬ ತರ್ಕದಿಂದ. ಅವರು ಸ್ನೇಹಿತರ ಮುಖ ನೋಡಿದರು. ಸರಕು ಎಲ್ಲಕ್ಕಿಂತ ಮೇಲೆ, ಗೊರಬಲು ಎಲ್ಲಕ್ಕಿಂತ ಕೆಳಗೆ. ನನ್ನನ್ನು ಅಲ್ಲಿಯೇ ಗೊರಬಲಿಗೆ ಸೇರಿಸಿ, ಆದರೂ ಕಾಫಿ ಕುಡಿಸಿ ಹೋದರು.

ನೀವು ಹೋಗುವುದಾದರೆ ಮಳೆ ನಿಂತಮೇಲೆ ಹೋಗಿ, ಜಾತ್ರೆಯ ದಿನಗಳನ್ನು ಬಿಟ್ಟು ಹೋಗಿ. ಜಾತ್ರೆಯಲ್ಲಿ ಊರು ಸಿಗುವುದಿಲ್ಲ, ಜನ ಸಿಗುತ್ತಾರೆ. ಯಾರ ಮನೆಗೆ ಎಂದು ಕೇಳಿದವರಿಗೆ ಉತ್ತರ ಹುಡುಕುತ್ತ ಒದ್ದಾಡಬೇಡಿ. “ಈ ವರ್ಷ ಕೊಳೆ ಹೆಂಗಿತ್ತು?” ಎಂದು ಕೇಳಿಬಿಡಿ. ಅಡಿಕೆಯ ಕೊಳೆರೋಗದಿಂದ ಹೊರಟ ಮಾತು ಬೋರ್ಡೋ ದ್ರಾವಣ, ಎಲೆಚುಕ್ಕೆ, ಕೊನೆಗಾರರ ಕೂಲಿ, ಮಂಗಗಳ ಕಾಟ ಎಂದು ಒಂದು ಗಂಟೆ ಹೋಗುತ್ತದೆ; ನಿಮ್ಮ ವಿಷಯ ಮತ್ತೆ ಬರುವುದಿಲ್ಲ. ಸೇತುವೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಿ. ನೋಟ್‌ಬುಕ್ ಮಾತ್ರ ಲಾಡ್ಜಿನಲ್ಲೇ ಬಿಟ್ಟು ಹೋಗಿ.